ರಾಜಕುಮಾರನಿಗೆ ಇಷ್ಟೊಂದು ಸಿಟ್ಟು ಯಾಕೆ ಬಂತು?

2003ರ ರಾಜಕುಮಾರ ಸತ್ತರೆ ನಗು ಬರುತ್ತದೆ. ಅರಮನೆಯ ಗೋಡೆಯ ಮೇಲೆ ಓಡುತ್ತಾ ಓಡುತ್ತಾ ಕಾಲು ಜಾರಿ ಪಾತಾಳಕ್ಕೆ ಬೀಳುತ್ತಾನೆ. ಪರದೆ ಮಸುಕಾಗುವಾಗ ಅವನದೇ ದನಿ ಕೇಳಿಸುತ್ತದೆ. ಛೆ, ನಡೆದದ್ದು ಹೀಗಲ್ಲವಲ್ಲ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ತನ್ನನ್ನು ತಾನೇ ತಿದ್ದಿಕೊಂಡು ಕಥೆಯನ್ನು ಮತ್ತೆ ಶುರು ಮಾಡುತ್ತಾನೆ. ಸಾವು ಅವನಿಗೆ ಕಥೆ ಹೇಳುವಾಗ ಆದ ಬಾಯ್ತಪ್ಪು, ಅಷ್ಟೆ. 2004ರ ರಾಜಕುಮಾರನ ಹತ್ತಿರ ಇಂಥ ತಮಾಷೆ ನಡೆಯುವುದಿಲ್ಲ. ಗಡ್ಡ ಒರಟಾಗಿದೆ, ಕಣ್ಣು ಕೆಂಪಾಗಿದೆ, ಎರಡೂ ಕೈಯಲ್ಲಿ ಕತ್ತಿ. ಮಾತಾಡಿದರೆ ಬೈಗುಳ, ಹೋರಾಡಿದರೆ ಹಿನ್ನೆಲೆಯಲ್ಲಿ ಗಿಟಾರಿನ ಅಬ್ಬರ. ಅದೇ ‘ಪ್ರಿನ್ಸ್ ಆಫ್ ಪರ್ಷಿಯಾ’, ಅದೇ ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೊ, ಅದೇ ಹುಡುಗ. ನಡುವೆ ಕಳೆದದ್ದು ಒಂದೇ ಒಂದು ವರ್ಷ.

ನಮಗೆ ಇವನು ಸಿಕ್ಕಿದ್ದು ಹಿಂದುಮುಂದಾಗಿ. ಬಿಕ್ಕೋಡಿನ ನಮ್ಮ ದೊಡ್ಡಪ್ಪನ ಮನೆಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಬಂದಾಗ ನಾನಿನ್ನೂ ಐದನೇ ಕ್ಲಾಸು. ದೊಡ್ಡಪ್ಪನ ಮಗ, ನಾನು ಅಣ್ಣ ಅಂತಲೇ ಕರೆಯುವವನು, ಬೇಲೂರಿನಲ್ಲಿ ಓದುತ್ತಿದ್ದ. ಅವನ ಗೆಳೆಯನ ಪೆನ್‌ಡ್ರೈವ್‌ನಲ್ಲಿ ಮೊದಲು ಬಂದದ್ದು 2004ರ ‘ವಾರಿಯರ್ ವಿದಿನ್’. ಅದಾಗಿ ಎಷ್ಟೋ ತಿಂಗಳ ಮೇಲೆ 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಸಿಕ್ಕಿತು. ಹಾಗಾಗಿ ನಮಗೆ ಮೊದಲು ಪರಿಚಯವಾದವನು ಸಿಡುಕ. ಇವನು ಒಂದು ಕಾಲದಲ್ಲಿ ನಗುತ್ತಿದ್ದ ಎನ್ನುವುದು ಆಮೇಲೆ ಗೊತ್ತಾಯಿತು. ಊರಿಗೆ ಬಂದ ಯಾರೋ ಕೋಪಿಷ್ಠ ನೆಂಟನ ಹಳೇ ಫೋಟೊ ಆಲ್ಬಂ ತೆರೆದ ಹಾಗೆ.

ಆಗೆಲ್ಲ ಆಡುವುದಕ್ಕೆ ಪುರುಸೊತ್ತು ಬೇಕಾದಷ್ಟಿತ್ತು. ನಮ್ಮ ಕಡೆ ಕತ್ತಲಾದ ಮೇಲೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಕಾಫಿ ತೋಟದಲ್ಲಿ ಆನೆ ಇಳಿದಿದೆಯಂತೆ ಎಂಬ ಸುದ್ದಿ ಬಂದರೆ ಬೀದಿಯೇ ಖಾಲಿ. ಮಳೆಗಾಲದಲ್ಲಂತೂ ಕರೆಂಟು ಇದ್ದಷ್ಟು ಹೊತ್ತು ಆಟ, ಹೋದರೆ ಅಣ್ಣನ ಬಾಯಿಂದ ಕಥೆ. ಇಂಗ್ಲಿಷ್ ಸಂಭಾಷಣೆ ನನಗೆ ಅರ್ಥವಾಗುತ್ತಿರಲಿಲ್ಲ. ಅಣ್ಣನಿಗೂ ಪೂರ್ತಿ ಆಗುತ್ತಿತ್ತು ಅಂತ ಈಗ ಅನ್ನಿಸುವುದಿಲ್ಲ. ಆದರೂ ಅವನು ಅನುವಾದ ಮಾಡುತ್ತಿದ್ದ. ‘ಏನ್ ಹೇಳ್ತಾವ್ನೆ ಗೊತ್ತೇನ್ಲಾ? ನನ್ ತಂಟೆಗ್ ಬಂದ್ರೆ ಬಿಡಾಕಿಲ್ಲ ಅಂತಾವ್ನೆ.’ ನನ್ನ ಮಟ್ಟಿಗೆ ಪರ್ಷಿಯಾದ ರಾಜಕುಮಾರ ಇವತ್ತಿಗೂ ಬೇಲೂರು ಸೀಮೆಯ ಕನ್ನಡ ಮಾತಾಡುವವನೇ.

ಸರಣಿಯನ್ನು ಸರಿಯಾದ ಕ್ರಮದಲ್ಲಿ ನೋಡಿದ್ದು ಡಿಗ್ರಿಗೆ ಬಂದ ಮೇಲೆ. ಮೊದಲನೆಯದು 1989ರದು. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ ಆ್ಯಪಲ್ 2 ಕಂಪ್ಯೂಟರಿಗಾಗಿ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ ಆಟ. ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ಹಿಡಿದು, ಆ ಚಿತ್ರಗಳ ಮೇಲೆ ಒಂದೊಂದಾಗಿ ಗೆರೆ ಎಳೆದು ರಾಜಕುಮಾರನನ್ನು ಮಾಡಿದ. ಅದಕ್ಕೇ ಆ ಪುಟ್ಟ ಬೊಂಬೆ ಮನುಷ್ಯರ ಹಾಗೆ ಓಡುತ್ತದೆ. ತಟ್ಟನೆ ನಿಲ್ಲು ಎಂದರೆ ಎರಡು ಹೆಜ್ಜೆ ಜಾರಿ ನಿಲ್ಲುತ್ತದೆ, ಅಂಚಿಗೆ ಜೋತು ಬಿದ್ದರೆ ಕಷ್ಟಪಟ್ಟು ಮೇಲೆ ಹತ್ತುತ್ತದೆ. ಆಟದುದ್ದಕ್ಕೂ ಒಂದು ಮಾತಿಲ್ಲ. ಹೆಸರೂ ಇಲ್ಲ. ನಿಜ ಹೇಳಬೇಕೆಂದರೆ ಆ ಆಟದಲ್ಲಿ ಅವನು ರಾಜಕುಮಾರನೂ ಅಲ್ಲ, ರಾಜಕುಮಾರಿಯನ್ನು ಪ್ರೀತಿಸಿ ಜೈಲು ಸೇರಿದ ಪರದೇಶಿ. ಒಂದು ಗಂಟೆಯೊಳಗೆ ನೆಲಮಾಳಿಗೆಯಿಂದ ಹತ್ತಿ ಬಂದು ಮಂತ್ರಿ ಜಾಫರ್‌ನಿಂದ ಅವಳನ್ನು ಬಿಡಿಸಬೇಕು.

ಇಷ್ಟೇ ಆಗಿದ್ದರೆ ಅವನಿಗೆ ವ್ಯಕ್ತಿತ್ವ ಅಂತ ಏನೂ ಇರುತ್ತಿರಲಿಲ್ಲ. ಅದು ಬಂದದ್ದು ಮೆಮೊರಿ ಸಾಲದೆ! ಮೆಕ್ನರ್‌ಗೆ ಒಬ್ಬ ಎದುರಾಳಿ ಬೇಕಿತ್ತು. ಆದರೆ ಹೊಸ ಪಾತ್ರದ ಚಿತ್ರಗಳನ್ನು ತುಂಬಿಸಲು ಆ ಕಂಪ್ಯೂಟರಿನಲ್ಲಿ ಜಾಗ ಉಳಿದಿರಲಿಲ್ಲ. ಕೊನೆಗೆ ಇದ್ದ ರಾಜಕುಮಾರನ ಚಿತ್ರಗಳನ್ನೇ ಸ್ವಲ್ಪ ಅದಲುಬದಲು ಮಾಡಿ ಮಿಣುಗುವ ನೆರಳೊಂದನ್ನು ಸೃಷ್ಟಿಸಿದರು. ನಾಲ್ಕನೇ ಹಂತದಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ಬರುತ್ತದೆ. ಅದನ್ನು ಒಡೆದು ಹಾರಿದರೆ ಇವನು ಈ ಕಡೆ, ನೆರಳು ಆ ಕಡೆ. ಅಲ್ಲಿಂದ ಮುಂದೆ ಆ ನೆರಳು ಇವನು ಕುಡಿಯಬೇಕಾದ ಔಷಧಿಯನ್ನು ಕುಡಿದು ಓಡುತ್ತದೆ, ಇವನ ಮುಖಕ್ಕೇ ಬಾಗಿಲು ಹಾಕುತ್ತದೆ. ಕೊನೆಗೊಮ್ಮೆ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಒಂದು ಏಟು ಹೊಡೆದರೆ ಇವನ ಪ್ರಾಣವೂ ಅಷ್ಟೇ ಇಳಿಯುತ್ತದೆ. ಕೊಂದರೆ ಇವನೂ ಸಾಯುತ್ತಾನೆ. ದಾಟುವುದು ಹೇಗೆಂದರೆ ಕತ್ತಿಯನ್ನು ಒರೆಗೆ ಹಾಕಬೇಕು. ಆಗ ನೆರಳೂ ಹಾಕುತ್ತದೆ. ಇಬ್ಬರೂ ಎದುರುಬದುರು ನಡೆದು ಒಂದಾಗುತ್ತಾರೆ.

ಒಂದೂ ಮಾತಿಲ್ಲದೆ ಇಷ್ಟನ್ನು ಹೇಳಿದ ಆಟ ಇನ್ನೊಂದನ್ನು ನಾನು ಆಡಿಲ್ಲ.

1993ರಲ್ಲಿ ಎರಡನೆಯದು, 1999ರಲ್ಲಿ ಮೂರನೆಯದು ಬಂದವು. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. 2003ರಲ್ಲಿ ಯೂಬಿಸಾಫ್ಟ್ ಮತ್ತೆ ಮೆಕ್ನರ್‌ನನ್ನೇ ಕರೆದು ಕಥೆ ಬರೆಸಿತು. ಆಗ ರಾಜಕುಮಾರನಿಗೆ ಬಾಯಿ ಬಂತು. ಅದು ಶುರುವಾಗುವುದು ನಮ್ಮಲ್ಲೇ, ಭಾರತದ ಒಬ್ಬ ಮಹಾರಾಜನ ಅರಮನೆಯಲ್ಲಿ. ರಾಜಕುಮಾರ ಅಪ್ಪನ ಸೈನ್ಯದ ಜೊತೆ ಲೂಟಿಗೆ ಬಂದಿದ್ದಾನೆ. ಎಲ್ಲರಿಗಿಂತ ಮೊದಲು ಖಜಾನೆಗೆ ನುಗ್ಗಿ ಒಂದು ಕಠಾರಿ ತಂದು ಅಪ್ಪನ ಕೈಲಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು, ಅಷ್ಟೇ ಅವನ ಆಸೆ. ಆಮೇಲೆ ವಂಚಕ ಮಂತ್ರಿಯ ಮಾತು ಕೇಳಿ ಅದೇ ಕಠಾರಿಯಿಂದ ಮರಳುಗಡಿಯಾರ ತೆರೆಯುತ್ತಾನೆ. ಅಪ್ಪನೂ ಸೇರಿದಂತೆ ಊರಿಗೆ ಊರೇ ಮರಳಿನ ಭೂತಗಳಾಗುತ್ತದೆ. ಉಳಿಯುವವರು ಇವನು, ಆ ಮಂತ್ರಿ ಮತ್ತು ಸೆರೆ ಸಿಕ್ಕ ಮಹಾರಾಜನ ಮಗಳು ಫರಾ. ಜಂಬದ ಹುಡುಗ, ತನ್ನಷ್ಟಕ್ಕೆ ವಟವಟ ಮಾತಾಡುತ್ತಾನೆ. ಫರಾಳನ್ನು ನಂಬಬೇಕೋ ಬೇಡವೋ ಎಂದು ತನ್ನೊಳಗೇ ವಾದ ಮಾಡುತ್ತಾನೆ. ಅವಳು ಸಂದಿಯಲ್ಲಿ ನುಸುಳಿ ಹೋಗಿ ಬಾಗಿಲು ತೆರೆದರೆ ಕೃತಜ್ಞತೆ ಹೇಳಲು ಬರದೆ ಒದ್ದಾಡುತ್ತಾನೆ. ಕೊನೆಗೆ ಕಾಲವನ್ನೇ ಹಿಂದಕ್ಕೆ ತಿರುಗಿಸಿ, ದಾಳಿಯ ಹಿಂದಿನ ರಾತ್ರಿ ಫರಾಳ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳುತ್ತಾನೆ. ಆಟದುದ್ದಕ್ಕೂ ನಾವು ಕೇಳಿದ ಕಥೆ ಅವಳಿಗೆ ಹೇಳುತ್ತಿದ್ದದ್ದು. ಅವಳಿಗೆ ಮಾತ್ರ ಇವನು ಯಾರೋ ಅಪರಿಚಿತ. ಕಠಾರಿಯನ್ನು ಅವಳ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಕದ್ದ ಮಾಲನ್ನು ಮಾಲೀಕರಿಗೆ ವಾಪಸು ಕೊಡುವುದೇ ಕ್ಲೈಮ್ಯಾಕ್ಸ್ ಆಗಿರುವ ಸಾಹಸ ಕಥೆ ಅಪರೂಪ.

ವಿಮರ್ಶಕರು ಹೊಗಳಿದರು, ಪ್ರಶಸ್ತಿಗಳು ಬಂದವು. ಮಾರಾಟ ಮಾತ್ರ ಆರಂಭದಲ್ಲಿ ಆ ಹೊಗಳಿಕೆಯಷ್ಟು ಇರಲಿಲ್ಲ. ಅದು ರಕ್ತ ಚಿಮ್ಮುವ ಆಟಗಳು ಚೆನ್ನಾಗಿ ಓಡುತ್ತಿದ್ದ ಕಾಲ. ಮುಂದಿನ ವರ್ಷದ ‘ವಾರಿಯರ್ ವಿದಿನ್’ನಲ್ಲಿ ರಾಜಕುಮಾರನ ದನಿಯ ಕಲಾವಿದ ಯೂರಿ ಲೋವೆಂಥಾಲ್ ಇಲ್ಲ, ಆ ಜಾಗದಲ್ಲಿ ರಾಬಿನ್ ಆಟ್ಕಿನ್ ಡೌನ್ಸ್‌ನ ಒರಟು ಗಂಟಲು. ಗಾಡ್‌ಸ್ಮ್ಯಾಕ್ ಎಂಬ ರಾಕ್ ತಂಡದ ಹಾಡುಗಳು. ಆಟದ ಡಬ್ಬಿಯ ಮೇಲೆ ‘ದೊಡ್ಡವರಿಗೆ ಮಾತ್ರ’ ಎನ್ನುವಂಥ ಗುರುತು. ಈ ಆಟದಲ್ಲಿ ಮೆಕ್ನರ್‌ನ ಕೈವಾಡ ಇರಲಿಲ್ಲ. ಇದರ ಶೈಲಿಯೂ ಹಿಂಸೆಯೂ ತನಗೆ ಹಿಡಿಸಲಿಲ್ಲವೆಂದು ಅವನು ಬಹಿರಂಗವಾಗಿಯೇ ಹೇಳಿದ. ಹೆತ್ತವನೇ ಮಗನ ಗುರುತು ಹಿಡಿಯದಂತಾದ.

ಆದರೂ ಕಥೆಯೊಳಗಿನ ಕಾರಣವನ್ನು ತಳ್ಳಿಹಾಕುವ ಹಾಗಿಲ್ಲ. ಅಂಗಡಿಯಲ್ಲಿ ಒಂದು ವರ್ಷ, ಕಥೆಯಲ್ಲಿ ಏಳು ವರ್ಷ. ಕಾಲದ ಜೊತೆ ಆಟವಾಡಿದ್ದಕ್ಕೆ ದಹಾಕಾ ಎಂಬ ಕರಿಯ ದೈತ್ಯ ಅವನನ್ನು ಏಳು ವರ್ಷದಿಂದ ಅಟ್ಟಿಸಿಕೊಂಡು ಬರುತ್ತಿದೆ. ನಿದ್ದೆ ಇಲ್ಲ, ನಿಲ್ಲಲು ನೆಲೆ ಇಲ್ಲ. ಮರಳು ಹುಟ್ಟುವುದನ್ನೇ ತಪ್ಪಿಸಬೇಕೆಂದು ಕಾಲದ್ವೀಪಕ್ಕೆ ಬಂದಿದ್ದಾನೆ. ಇಷ್ಟಾದ ಮೇಲೂ ಅವನು ತಮಾಷೆ ಮಾಡಿಕೊಂಡಿರಬೇಕಿತ್ತೇ? ಅಣ್ಣನಿಗೂ ನನಗೂ ಇದೇ ಜಗಳ. ‘ಓಡ್ಸ್ಕಂಡ್ ಬಂದ್ರೆ ನೀನೂ ಹಂಗೇ ಆಗ್ತೀಯ ಕಣ್ಲಾ’ ಅಂತ ಅವನು. ಅಷ್ಟು ಮಾತಾಡುತ್ತಿದ್ದವನು ಏಳು ವರ್ಷದಲ್ಲಿ ಒಂದು ಮಾತಿನಷ್ಟೂ ಹಳಬನಾಗಿ ಉಳಿಯದಿದ್ದರೆ ಅದು ಬದಲಾವಣೆಯಲ್ಲ, ಆಳನ್ನೇ ಬದಲಿಸಿದ್ದು ಅಂತ ನಾನು. ನನ್ನ ವಾದ ಈಗಲೂ ಅದೇ. ಆದರೆ ಆ ಆಟದ ಒಂದು ಜಾಗಕ್ಕೆ ಮಾತ್ರ ತಲೆಬಾಗುತ್ತೇನೆ. ಮೊದಲರ್ಧದಲ್ಲಿ ಕಣ್ಣು ಹೊಳೆಯುವ ಮರಳಿನ ಪಿಶಾಚಿಯೊಂದು ದೂರದಿಂದ ಇವನನ್ನು ಹಿಂಬಾಲಿಸುತ್ತಿರುತ್ತದೆ. ಆಮೇಲೆ ಒಂದು ಮುಖವಾಡ ತೊಟ್ಟಾಗ ಗೊತ್ತಾಗುತ್ತದೆ, ಆ ಪಿಶಾಚಿ ಇವನೇ. ಅದೇ ಘಟನೆಗಳನ್ನು ಈಗ ಆ ಕಡೆಯಿಂದ ಆಡಬೇಕು. 1989ರ ಕನ್ನಡಿ ಇನ್ನೂ ಒಡೆದುಹೋಗಿರಲಿಲ್ಲ ಅನ್ನಿ.

ಇದನ್ನೆಲ್ಲ ಕಂಪನಿಗಳ ಹೊಸ ಚಾಳಿ ಅಂದುಕೊಳ್ಳುವ ಮೊದಲು ನಮ್ಮ ಕನ್ನಡ ಮೇಷ್ಟ್ರು ಪಾಠ ಮಾಡಿದ್ದನ್ನು ನೆನಪಿಸಿಕೊಳ್ಳಿ. ಹತ್ತನೇ ಶತಮಾನದಲ್ಲಿ ಪಂಪ ಮಹಾಭಾರತ ಬರೆದಾಗ ತನ್ನ ಆಶ್ರಯದಾತ ಅರಿಕೇಸರಿಯನ್ನೇ ಅರ್ಜುನನಾಗಿಸಿದ. ಆ ಅರ್ಜುನನಿಗೆ ಮುಜುಗರ ಆಗಬಾರದೆಂದು ದ್ರೌಪದಿ ಅವನೊಬ್ಬನ ಹೆಂಡತಿಯಾದಳು. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನನ ಆಶ್ರಯದಾತ ಸತ್ಯಾಶ್ರಯ, ಆಗ ನಾಯಕ ಭೀಮ. ಮಹಾಭಾರತಕ್ಕಿಂತ ಉದ್ದದ ಸರಣಿ ಯಾವುದಿದೆ? ನಾಯಕನ ಸ್ವಭಾವ ಕಥೆಯಿಂದ ಮಾತ್ರ ಹುಟ್ಟುವುದಿಲ್ಲ, ಖರ್ಚು ಯಾರದು ಎನ್ನುವುದರಿಂದಲೂ ಹುಟ್ಟುತ್ತದೆ. ಪಂಪನಿಗೆ ಅರಿಕೇಸರಿ ಇದ್ದ, ಮಾಂಟ್ರಿಯಲ್‌ನವರಿಗೆ ಕ್ರಿಸ್‌ಮಸ್ ಸೀಸನ್ ಇತ್ತು. ವ್ಯತ್ಯಾಸ ಏನೆಂದರೆ, ಪಂಪ ಅರಸನಿಗೆ ಅರ್ಜುನನನ್ನು ಕೊಟ್ಟೂ ಕರ್ಣನನ್ನು ತನಗಾಗಿ ಉಳಿಸಿಕೊಂಡ. ಮೇಷ್ಟ್ರು ಕರ್ಣನ ಭಾಗ ಓದುವಾಗ ಹಿಂದಿನ ಬೆಂಚಿನವರೂ ಫೋನ್ ಕೆಳಗಿಡುತ್ತಿದ್ದರು.

ಬದಲಾಗದ ನಾಯಕರೂ ಇದ್ದಾರೆ. ನಮ್ಮ ಬೇಲೂರಿನ ದೇವಸ್ಥಾನದ ಬಾಗಿಲಲ್ಲಿ ನಿಂತಿರುವ ಸಳ ಶತಮಾನಗಳಿಂದ ಅದೇ ಮೃಗವನ್ನು ಅದೇ ಭಂಗಿಯಲ್ಲಿ ಇರಿಯುತ್ತಿದ್ದಾನೆ. ಹೊಯ್ಸಳರ ಗುಡಿ ಎಲ್ಲಿದ್ದರೂ ಅವನ ಕೆಲಸ ಅದೊಂದೇ. ಆ ಹುಲಿಯನ್ನೋ ಸಿಂಹವನ್ನೋ ಕೊಂದ ಮರುದಿನ ಅವನಿಗೇನಾಯಿತು, ರಾತ್ರಿ ನಿದ್ದೆ ಬಂತಾ ಎಂದು ಯಾವ ಶಿಲ್ಪಿಯೂ ಕೇಳಲಿಲ್ಲ. ಲಾಂಛನಕ್ಕೆ ಮರುದಿನ ಇರುವುದಿಲ್ಲ. ಸಿನಿಮಾದಲ್ಲೂ ಹಾಗೆ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಅಲ್ಲಿ ಪ್ರತಿ ಸಲವೂ ಹೊಸ ಕೇಸು, ಹಳೆಯ ಕೇಸಿನ ಗಾಯ ಮುಂದಿನದರಲ್ಲಿ ಕಾಣಬೇಕೆಂದು ನಾವು ಬಯಸುವುದೂ ಇಲ್ಲ. ಗೇಮಿನ ನಾಯಕರೂ ಮೊದಮೊದಲು ಇಂಥವರೇ. ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್ 1996ರಲ್ಲಿ ಯಾವುದಕ್ಕೂ ಅಳುಕದ ಹೆಣ್ಣು. 2013ರಲ್ಲಿ ಅವಳನ್ನು ಹೊಸದಾಗಿ ಬರೆದಾಗ ಮೊದಲ ಸಲ ಮನುಷ್ಯನನ್ನು ಕೊಂದು ನಡುಗುವ ಹುಡುಗಿ. ‘ಗಾಡ್ ಆಫ್ ವಾರ್’ನ ಕ್ರೇಟೋಸ್ 2005ರಲ್ಲಿ ಬರೀ ಕೋಪದ ಮುದ್ದೆ, 2018ರಲ್ಲಿ ಮಗನ ಬೆನ್ನ ಮೇಲೆ ಕೈ ಇಡಲೋ ಬೇಡವೋ ಎಂದು ಅನುಮಾನಿಸುವ ಅಪ್ಪ. ಆಡುತ್ತಾ ಬೆಳೆದ ಹುಡುಗರಿಗೆ ವಯಸ್ಸಾಗಿತ್ತು, ಆಟ ಮಾಡುವವರಿಗೂ ಮಕ್ಕಳಾಗಿದ್ದವು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದವನಿಗೆ ಕೊನೆಗೆ ಸಿಕ್ಕಿದ್ದು ಸಾಲದ ಕಂತು ವಸೂಲಿ ಮಾಡುವ ಕೆಲಸ. ಕಂತು ಕಟ್ಟದವರಿಗೆ ದಿನವಿಡೀ ಫೋನ್ ಮಾಡುವುದು. ಟ್ರೇನಿಂಗಿನಲ್ಲಿ ಮೊದಲು ಹೇಳಿಕೊಟ್ಟದ್ದು ದನಿ ಗಡಸು ಮಾಡಿಕೊಳ್ಳಬೇಕು ಅಂತ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಿದ್ದಾಗ ಜಗಲಿಯಲ್ಲಿ ಕೂತು ಯಾರಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಆ ಕಡೆಯವರು ವಯಸ್ಸಾದವರು ಅಂತ ಇವನ ಮಾತಿನಿಂದಲೇ ಗೊತ್ತಾಗುತ್ತಿತ್ತು. ಮಗನ ಬೈಕಿಗೆ ಜಾಮೀನು ನಿಂತವರಿರಬೇಕು. ಇವನು ಏಕವಚನದಲ್ಲಿ ಮಾತಾಡುತ್ತಿದ್ದ. ಒಳಗಿದ್ದ ದೊಡ್ಡಪ್ಪ ಹೊರಗೆ ಬಂದು ನಿಂತರು. ಅವರೂ ಸೊಸೈಟಿಯಲ್ಲಿ ಸಾಲ ಮಾಡಿದವರೇ, ಕಾಫಿ ರೇಟು ಬಿದ್ದ ವರ್ಷ ಕಂತು ತಪ್ಪಿಸಿದವರೇ. ಅಣ್ಣ ಫೋನಿಟ್ಟ ಮೇಲೆ, ‘ನಮ್ಮನೇಲಿ ಈ ಥರ ಮಾತಾಡೋರು ಯಾರೂ ಇರ್ಲಿಲ್ಲ ಕಣಪ್ಪ’ ಅಂದರು, ಅಷ್ಟೆ. ‘ಅದು ಆಫೀಸಿನ ದನಿ ಕಣಪ್ಪಯ್ಯ, ನಂದಲ್ಲ’ ಅಂದ ಅಣ್ಣ. ಊಟಕ್ಕೆ ಕೂತಾಗ ಅವನು ಮಾಮೂಲಿ ಅಣ್ಣನೇ ಆಗಿದ್ದ. ಆದರೆ ತಂಗಿ ಪಲ್ಯ ಬಡಿಸಲು ತಡ ಮಾಡಿದಾಗ ಒಂದು ಸಲ ಆ ಇನ್ನೊಂದು ದನಿ ಬಂತು. ಯಾರೂ ಏನೂ ಅನ್ನಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಸರಣಿಯ 2005ರ ಆಟ ‘ದಿ ಟೂ ಥ್ರೋನ್ಸ್’. ಲೋವೆಂಥಾಲ್‌ನ ಹಳೆಯ ದನಿ ಅದರಲ್ಲಿ ಮರಳಿ ಬಂತು. ಹಾಗಂತ ಹಿಂದಿನ ವರ್ಷದ ಸಿಡುಕನನ್ನು ಸುಳ್ಳು ಅಂತ ಅಳಿಸಲಿಲ್ಲ. ಅವನನ್ನು ಒಳಗೆ ಕೂರಿಸಿದರು. ಬ್ಯಾಬಿಲಾನಿಗೆ ಮರಳಿದ ರಾಜಕುಮಾರನ ಮೈಗೆ ಮರಳು ಹೊಕ್ಕಿದೆ, ತಲೆಯೊಳಗೆ ಇನ್ನೊಬ್ಬ ಮಾತಾಡುತ್ತಿದ್ದಾನೆ. ಅವನೇ ಡಾರ್ಕ್ ಪ್ರಿನ್ಸ್. ಅವನ ಮಾತು ಕೆಟ್ಟದ್ದು ಮಾತ್ರವಲ್ಲ, ಎಷ್ಟೋ ಸಲ ಸರಿಯೂ ಹೌದು, ತಮಾಷೆಯೂ ಹೌದು. ಆಗಾಗ ಮೈಯನ್ನೂ ಅವನೇ ತೆಗೆದುಕೊಳ್ಳುತ್ತಾನೆ. ಆಗ ಕೈಯಲ್ಲಿ ಸರಪಳಿಯ ಚಾಟಿ, ಬಲ ದುಪ್ಪಟ್ಟು, ಹತ್ತು ಜನ ಬಂದರೂ ಲೆಕ್ಕವಿಲ್ಲ. ಆದರೆ ಆ ರೂಪದಲ್ಲಿ ಇರುವಷ್ಟು ಹೊತ್ತೂ ಪ್ರಾಣ ಇಳಿಯುತ್ತಲೇ ಇರುತ್ತದೆ. ಕೊಂದವರಿಂದ ಮರಳು ಹೀರುತ್ತಾ ಹೋದರೆ ಮಾತ್ರ ಬದುಕು. ನಿಂತರೆ ಸತ್ತ. ನೀರು ಸಿಕ್ಕಾಗ ಮತ್ತೆ ಮನುಷ್ಯ. ಟಾರ್ಗೆಟ್ ಇಟ್ಟು ಕೆಲಸ ಮಾಡುವ ಯಾರಿಗಾದರೂ ಇದು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಆಟದ ಕೊನೆಯಲ್ಲಿ ಮಂತ್ರಿ ಸತ್ತ ಮೇಲೂ ಮುಗಿಯುವುದಿಲ್ಲ. ಮನಸ್ಸಿನ ಒಳಗೇ ಇಬ್ಬರ ಯುದ್ಧ. ನಾವು ಆ ಹಂತದಲ್ಲಿ ಎಷ್ಟು ಸಂಜೆ ಕಳೆದೆವೋ. ಹೊಡೆದಷ್ಟೂ ಅವನು ಮತ್ತೆ ಎದ್ದು ಬರುತ್ತಾನೆ. ಕೊನೆಗೆ ಮಾಡಬೇಕಾದದ್ದು ಹೊಡೆಯುವುದಲ್ಲ, ಅವನನ್ನು ಕೂಗಾಡಲು ಬಿಟ್ಟು ಬೆಳಕಿನ ಕಡೆಗೆ ನಡೆದುಬಿಡುವುದು. ಹದಿನಾರು ವರ್ಷದ ಹಿಂದೆ, ಮಾತೇ ಇಲ್ಲದ ಆ ಪುಟ್ಟ ಆಟದಲ್ಲಿ ಕತ್ತಿ ಒರೆಗೆ ಹಾಕಿದ್ದ ಅದೇ ಹುಡುಗ! ನನ್ನ ದೃಷ್ಟಿಯಲ್ಲಿ ಇಡೀ ಸರಣಿಯಲ್ಲಿ ಅವನು ಅವನೇ ಎಂದು ರುಜುವಾತಾಗುವುದು ಇಲ್ಲಿ. ಗಡ್ಡ, ದನಿ, ಕತ್ತಿ ಎಲ್ಲವೂ ಬದಲಾದವು. ತನ್ನ ನೆರಳಿನ ಮುಂದೆ ಏನು ಮಾಡುತ್ತಾನೆ ಎನ್ನುವುದು ಬದಲಾಗಲಿಲ್ಲ.

ಈಗ ನಾನೂ ಸಂದರ್ಶನಗಳಿಗೆ ಓಡಾಡುತ್ತಿದ್ದೇನೆ. ಹಾಸನದಲ್ಲಿ ನಡೆದ ಒಂದು ತರಬೇತಿಯಲ್ಲಿ ‘ಅಗ್ರೆಸಿವ್ ಆಗಿರಿ, ನಿಮ್ಮ ಪರ್ಸನಾಲಿಟಿಯನ್ನೇ ಬದಲಿಸಿಕೊಳ್ಳಿ’ ಎಂದು ಮೂರು ದಿನ ಹೇಳಿದರು. ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಕೆಲಸ ಬಿಡುವ ಹಾಗಿಲ್ಲ, ತಂಗಿಯ ಫೀಸು ಅವನೇ ಕಟ್ಟುತ್ತಿದ್ದಾನೆ. ರಾಜಕುಮಾರನಿಗೆ ಫೀಸು ಕಟ್ಟುವುದಿರಲಿಲ್ಲ, ಹೀಗಾಗಿ ಆ ಆಟದ ಕೊನೆಯನ್ನು ಹಾಗೇ ಎತ್ತಿ ಅಣ್ಣನ ಕೈಲಿಡಲು ನನಗೆ ಬಾಯಿ ಬರಲಿಲ್ಲ. ಅವನೇ ಹೇಳಿದ, ಈಗ ವಯಸ್ಸಾದವರ ನಂಬರು ಬಂದರೆ ಬಹುವಚನದಲ್ಲೇ ಮಾತಾಡುತ್ತಾನಂತೆ. ವಸೂಲಿ ಸ್ವಲ್ಪ ಕಡಿಮೆಯಂತೆ. ತಿಂಗಳ ಕೊನೆಗೆ ಮ್ಯಾನೇಜರ್ ಕೈಲಿ ಬೈಸಿಕೊಳ್ಳುತ್ತಾನಂತೆ. ‘ಬೈಸ್ಕಳದು ನಾನ್ ತಾನೆ, ಬಿಡು’ ಅಂದ.

ಸರಣಿ ಆಮೇಲೂ ನಡೆದಿದೆ. 2008ರಲ್ಲಿ ಬಂದವನು ಬೇರೆಯೇ ಹುಡುಗ. ಅವನು ಬಿದ್ದಾಗಲೆಲ್ಲ ಎಲಿಕಾ ಎಂಬವಳು ಕೈ ಹಿಡಿದು ಎತ್ತುತ್ತಾಳೆ. ಕೊನೆಗೆ ಅವಳನ್ನು ಬದುಕಿಸಲು ಅವನು ಆಟದುದ್ದಕ್ಕೂ ಮಾಡಿದ ಒಳ್ಳೆಯದನ್ನೆಲ್ಲ ಕೆಡವಿ ಹಾಕುತ್ತಾನೆ. 2010ರ ಹಾಲಿವುಡ್ ಸಿನಿಮಾದಲ್ಲಿ ಅವನಿಗೆ ದಸ್ತಾನ್ ಎಂಬ ಹೆಸರು ಸಿಕ್ಕಿತು. 2020ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಅನ್ನು ಹೊಸದಾಗಿ ಮಾಡುವ ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳಿಗೆ ಬಂದಾಗ ನಮಗೆಲ್ಲ ಖುಷಿಯೋ ಖುಷಿ. ಮಹಾರಾಜನ ಅರಮನೆ ಈ ಸಲ ಮಹಾರಾಜನ ಕಡೆಯವರೇ ಕಟ್ಟುತ್ತಾರೆ ಎಂದು ಅಣ್ಣ ಮೆಸೇಜ್ ಹಾಕಿದ್ದ. 2022ರಲ್ಲಿ ಅದನ್ನು ಮಾಂಟ್ರಿಯಲ್‌ಗೆ ವಾಪಸು ಒಯ್ದರು.

2024ರ ಜನವರಿಯಲ್ಲಿ ಬಂದ ‘ದಿ ಲಾಸ್ಟ್ ಕ್ರೌನ್’ನಲ್ಲಿ ನಾಯಕ ಸರ್ಗಾನ್. ಅವನು ರಾಜಕುಮಾರನಲ್ಲ, ಅಪಹರಣವಾದ ರಾಜಕುಮಾರನನ್ನು ಹುಡುಕಿಕೊಂಡು ಹೋಗುವ ಯೋಧ. ಸರಣಿ ಶುರುವಾದಾಗಲೂ ನಾಯಕ ರಾಜಕುಮಾರ ಆಗಿರಲಿಲ್ಲವಲ್ಲ, ಮೂವತ್ತೈದು ವರ್ಷ ಸುತ್ತಿ ಮತ್ತೆ ಅಲ್ಲಿಗೇ ಬಂದಿದ್ದಾರೆ. ಅದನ್ನು ಆಡುವಷ್ಟು ಶಕ್ತಿ ದೊಡ್ಡಪ್ಪನ ಮನೆಯ ಕಂಪ್ಯೂಟರಿಗಿಲ್ಲ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅರ್ಧ ಆಡಿದ್ದೇನೆ. ಸರ್ಗಾನ್‌ಗೂ ಒಳ್ಳೆ ಸಿಟ್ಟಿದೆ, ಜಂಬವೂ ಇದೆ. ಅವನ ಮುಂದೆಯೂ ಅವನದೇ ಮುಖ ಹೊತ್ತವರು ಬಂದು ನಿಲ್ಲುತ್ತಾರೆ.